ಮೂರು ಹುಣ್ಣಿಮೆಯ ಮದ್ದು

ನನ್ನ ಅವ್ವ ಮೂರು ವರ್ಷ ಒಂದು ಬೇರಿನ ಪುಡಿ ತಿಂದಳು. ಅದನ್ನು ಅವಳಿಗೆ ಒದಗಿಸಿದವಳು ನಾನು. ಇಷ್ಟನ್ನು ಮಾತ್ರ ಅನುಮಾನವಿಲ್ಲದೆ ಬರೆಯಬಲ್ಲೆ. ಆ ವರ್ಷಗಳ ದಿನಚರಿಯಲ್ಲಿ 'ಅವ್ವನ ಪುಡಿ ಬಸ್ಸಿಗೆ ಕೊಟ್ಟೆ' ಎಂಬ ಸಾಲು ಹದಿನಾಲ್ಕು ಕಡೆ ಇದೆ. ಉಳಿದದ್ದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ಹೇಳಿಕೊಳ್ಳುತ್ತ ಸೇರಿದ್ದು ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ. ಧಾರವಾಡದಲ್ಲಿ ಇತಿಹಾಸ ಓದಿದವಳು ನಾನು. ಬರೆದಿಟ್ಟದ್ದನ್ನೇ ಎರಡು ಸಲ ಅನುಮಾನಿಸಬೇಕು ಎಂದು ಕಲಿತವಳು. ನೆನಪನ್ನು ನಂಬುವುದು ಹೇಗೆ?

ಹರಪನಹಳ್ಳಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ದಾವಣಗೆರೆಗೆ ಸೇರಿದ ಆಸುಪಾಸಿನ ದಿನಗಳು. ನಾನು ಕೂಡ್ಲಿಗಿಯ ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುತ್ತ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಅವ್ವ ಚಿಗಟೇರಿಯಲ್ಲಿ ಅಪ್ಪ ಮತ್ತು ಅಣ್ಣನ ಸಂಸಾರದ ಜೊತೆ ಹೊಲ, ಕುರಿ ಎಂದುಕೊಂಡು ಇದ್ದಳು. ಅವಳಿಗೆ ಐವತ್ತು ತುಂಬಿತ್ತು ಎಂದು ನಮ್ಮ ಲೆಕ್ಕ. ಹುಟ್ಟಿದ ವರ್ಷ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ.

ಅವಳ ಮೈಗೆ ಆ ಝಳ ಏರುವುದನ್ನು ನಾನು ಮೊದಲು ನೋಡಿದ್ದು ಒಂದು ಚಳಿಗಾಲದ ಬೆಳಿಗ್ಗೆ. ನಾವೆಲ್ಲ ಕಂಬಳಿ ಹೊದ್ದು ಕೂತಿದ್ದೆವು. ಅವ್ವ ರೊಟ್ಟಿ ಹಿಟ್ಟು ನಾದುತ್ತಿದ್ದಳು, ಒಲೆ ಇನ್ನೂ ಹಚ್ಚಿರಲಿಲ್ಲ. ನೋಡನೋಡುತ್ತಿದ್ದಂತೆ ಅವಳ ಕೊರಳು ಕೆಂಪಾಯಿತು. ಕೆಂಪು ಕೆನ್ನೆಗೆ ಏರಿತು, ಹಣೆಯಲ್ಲಿ ಬೆವರು ಮೂಡಿತು, ಮೇಲ್ದುಟಿಯ ಮೇಲೆ ಸಣ್ಣ ಹನಿಗಳು ಸಾಲುಗಟ್ಟಿದವು. ಅವಳು ಎದ್ದು ಹೋಗಿ ನೀರಿನ ಕಲ್ಲುಬಾನಿಗೆ ಕೆನ್ನೆ ಒತ್ತಿ ನಿಂತಳು. ಸ್ವಲ್ಪ ಹೊತ್ತಿಗೆ ಬಂದು ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಏನಾಯಿತು ಅಂದರೆ, "ಒಳಗ ಯಾರೋ ಒಲಿ ಹಚ್ಚಿದಂಗ ಆಗ್ತೈತಿ, ತಾನ ಆರ್ತೈತಿ" ಅಂದಳು. ನಾಲ್ಕು ಮಕ್ಕಳನ್ನು ಹೆತ್ತ ಮೈ, ನಲವತ್ತು ಸುಗ್ಗಿ ಕಂಡ ಮೈ, ಯಾರ ಅಪ್ಪಣೆಯೂ ಇಲ್ಲದೆ ತನ್ನೊಳಗಿನ ಒಂದು ಕಾಲವನ್ನು ಮುಗಿಸುತ್ತಿತ್ತು. ಅದಕ್ಕೆ ನಾವು ಇಟ್ಟ ಹೆಸರು ಬರೀ 'ನಿಲ್ಲೋದು'.

ಹಗಲಿನ ಝಳವನ್ನು ಅವಳು ತಡೆದುಕೊಳ್ಳುತ್ತಿದ್ದಳು. ನಿದ್ದೆ ಇಲ್ಲದ್ದನ್ನು ತಡೆದುಕೊಳ್ಳಲಾಗಲಿಲ್ಲ. ಸಣ್ಣ ಮಾತಿಗೆ ಅಳುತ್ತಾಳೆ ಎಂದು ಅತ್ತಿಗೆ ಕಾಗದ ಬರೆಸಿದಳು. ನಾನು ಅವ್ವನನ್ನು ಕೂಡ್ಲಿಗಿಗೆ ಕರೆಸಿಕೊಂಡು ಊರ ಅಂಚಿನಲ್ಲಿದ್ದ ಒಬ್ಬ ಮದ್ದಿನ ಅಜ್ಜಿಯ ಬಳಿ ಕರೆದೊಯ್ದೆ. ಕುರಿ ಕಾಯುವ ಮನೆತನದ ಹೆಂಗಸು. ಬಸುರಿ, ಬಾಣಂತಿ, ಮುಟ್ಟಿನ ತೊಂದರೆ, ಇಂಥದಕ್ಕೆಲ್ಲ ಬೇರು ಕೊಡುತ್ತಿದ್ದಳು. ಕೊಟ್ಟದ್ದಕ್ಕೆ ಎಲೆ ಅಡಿಕೆಯ ಹೊರತು ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಆ ಭೇಟಿ ಬಹಳ ಹೊತ್ತು ನಡೆಯಿತು ಎಂದು ನೆನಪು. ಅಜ್ಜಿ ಅವ್ವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಉಗುರು ಒತ್ತಿ ಬಿಟ್ಟು ರಕ್ತ ಎಷ್ಟು ಬೇಗ ಮರಳುತ್ತದೆ ಎಂದು ನೋಡಿದಳು. ಕಡೆಯ ಸಲ ಯಾವಾಗ ಹೊರಗಾದೆ, ಎಷ್ಟು ದಿನ, ಎಷ್ಟು ಬಟ್ಟೆ ಎಂದೆಲ್ಲ ನನ್ನೆದುರೇ ಕೇಳಿದಳು. ನಾನೇ ನಾಚಿ ಅಂಗಳಕ್ಕೆ ಬಂದೆ. ಈ ನಾಚಿಕೆ ನನಗೆ ಬಹಳ ಮುಖ್ಯವಾದದ್ದು, ಯಾಕೆಂದರೆ ಒಳಗೆ ಆಮೇಲೆ ಆಡಿದ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ. ಅಥವಾ ಕೇಳಿಸಿಕೊಂಡು ಮರೆತೆ. ಅಂದಿನ ದಿನಚರಿ ಹೀಗಿದೆ: 'ಅಜ್ಜಿ ಪುಡಿ ಕೊಟ್ಟಳು. ಬೆಳಿಗ್ಗೆ ಒಂದು ಚಮಚ, ಹಾಲಲ್ಲಿ. ಅವ್ವ ತಂದಿದ್ದ ರೊಟ್ಟಿ ಬುತ್ತಿಯನ್ನು ಅಜ್ಜಿ ಮೆಚ್ಚಿದಳು.' ರೊಟ್ಟಿಯನ್ನು ಬರೆದಿಟ್ಟವಳು ಎಷ್ಟು ದಿನ ಎಂಬುದನ್ನು ಬರೆಯಲಿಲ್ಲ.

ಪುಡಿ ಹಿಡಿಸಿತು. ತಿಂಗಳೊಪ್ಪತ್ತಿನಲ್ಲಿ ಅವ್ವನಿಗೆ ನಿದ್ದೆ ಬಂತು, ಝಳ ಕಡಿಮೆಯಾಯಿತು. ಪುಡಿ ಮುಗಿದಾಗ ಅವ್ವ ಮತ್ತೆ ಕೂಡ್ಲಿಗಿಗೆ ಬರುವ ಬದಲು ನಾನೇ ಅಜ್ಜಿಯ ಮನೆಗೆ ಹೋದೆ. ಅಜ್ಜಿ ಕುರಿ ಹಟ್ಟಿಯ ಕಡೆ ಹೋಗಿದ್ದಳು. ಸೊಸೆ ಇದ್ದಳು. ಇಂಥವರ ಮಗಳು, ಅದೇ ಪುಡಿ ಅಂದೆ. ಅವಳು ಡಬ್ಬಿಯಿಂದ ಅಳೆದು ಕಾಗದದಲ್ಲಿ ಕಟ್ಟಿ ಕೊಟ್ಟಳು. ನಾನು ಬಸ್ ನಿಲ್ದಾಣಕ್ಕೆ ಹೋಗಿ ಕೊಟ್ಟೂರಿನ ಮೇಲೆ ಹರಪನಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಪೊಟ್ಟಣ ಇಟ್ಟೆ. ನಮ್ಮ ಕಡೆ ಬಸ್ಸು ಹೊರದ ವಸ್ತುವಿಲ್ಲ. ಮೊಸರಿನ ಗಡಿಗೆ, ಹೊಲಿದ ರವಿಕೆ, ಮದುವೆ ಕಾಗದ, ಟ್ರ್ಯಾಕ್ಟರಿನ ಬೆಲ್ಟು, ಎಲ್ಲವೂ ಡ್ರೈವರಿನ ಪಕ್ಕದಲ್ಲಿ ಕೂತು ಊರು ಸೇರುತ್ತವೆ. ಹರಪನಹಳ್ಳಿಯಲ್ಲಿ ಪೊಟ್ಟಣ ಚಿಗಟೇರಿಯ ಬಸ್ಸಿಗೆ ಬದಲಾಗಿ ಸಂಜೆಯೊಳಗೆ ಅವ್ವನ ಕೈಯಲ್ಲಿರುತ್ತಿತ್ತು. ಮುಂದಿನ ಸಲಗಳಲ್ಲೂ ನಾನು ಅಜ್ಜಿಯನ್ನು ಕಾಯದೆ ಸೊಸೆಯಿಂದಲೇ ಪುಡಿ ತಂದೆ. ಆ ವ್ಯವಸ್ಥೆಯ ಬಗ್ಗೆ ನನಗೆ ಹೆಮ್ಮೆ ಇತ್ತು. ಮದ್ದು ತಪ್ಪದೆ ಹೋಗುತ್ತಿತ್ತು. ತಿನ್ನುವವಳನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ.

ಒಂದೆರಡು ಸಲ ನನಗೆ ಅನುಮಾನ ಬಂದದ್ದುಂಟು. ಮದುವೆಗೆಂದು ಹಡಗಲಿಗೆ ಹೋದಾಗ ಅಲ್ಲಿಯ ಗಿಡಮೂಲಿಕೆ ಅಂಗಡಿಯವನನ್ನು ಕೇಳಿದೆ. ಬೇರು ತಾನೇ, ಎಷ್ಟು ವರ್ಷ ತಿಂದರೂ ಏನೂ ಆಗುವುದಿಲ್ಲ ಅಂದ. ಹಗರಿಬೊಮ್ಮನಹಳ್ಳಿಯಲ್ಲಿ ಕಾಂಪೌಂಡರ್ ಆಗಿದ್ದ ನೆಂಟರೊಬ್ಬರು, ಇಂಥದನ್ನೆಲ್ಲ ಇವತ್ತೇ ತಿಪ್ಪೆಗೆ ಎಸೆಯಿರಿ, ಕಿಡ್ನಿ ಹೋಗುತ್ತದೆ ಅಂದರು. ಇಬ್ಬರೂ ಪುಡಿಯಲ್ಲಿ ಏನಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಒಬ್ಬರು ಹೆದರಿಸಿದರು, ಒಬ್ಬರು ಸಮಾಧಾನ ಹೇಳಿದರು. ನಾನು ಸಮಾಧಾನವನ್ನು ಆರಿಸಿಕೊಂಡೆ.

ಅಷ್ಟರಲ್ಲಿ ಅವ್ವನಿಗೆ ಮುಟ್ಟು ಪೂರಾ ನಿಂತಿತ್ತು. ನಿಂತ ಮೇಲೆ ಅವಳಿಗೊಂದು ಹೊಸ ಅಧಿಕಾರ ಬಂತು. ನಮ್ಮ ಮನೆದೇವರ ಹಬ್ಬಕ್ಕೆ ಹೊಸ ಜೋಳದ ಮೀಸಲು ಹಿಟ್ಟು ಬೀಸುತ್ತಾರೆ. ಅದನ್ನು ಗಿರಣಿಗೆ ಹಾಕುವಂತಿಲ್ಲ, ಬೀಸುಕಲ್ಲಿನಲ್ಲೇ ಬೀಸಬೇಕು. ಬೀಸುವವಳು ಇನ್ನೂ ದೊಡ್ಡವಳಾಗದ ಹುಡುಗಿಯಾಗಿರಬೇಕು ಇಲ್ಲವೇ ಮುಟ್ಟು ನಿಂತ ಹೆಂಗಸಾಗಿರಬೇಕು. ಅವ್ವ ಎರಡು ವರ್ಷ ಆ ಹಿಟ್ಟು ಬೀಸಿದಳು. ನಾನು ಓದಿದವಳು, ಈ ಮಡಿಯನ್ನು ಒಪ್ಪಿದವಳಲ್ಲ. ಆದರೂ ತಲೆಗೆ ನೀರು ಹಾಕಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಂದು ಕಾಳೂ ಚೆಲ್ಲದಂತೆ ಅವಳು ಬೀಸುವುದನ್ನು ಬಾಗಿಲಲ್ಲಿ ನಿಂತು ನೋಡುವಾಗ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ.

ಮೂರನೆಯ ವರ್ಷ ಹಬ್ಬಕ್ಕೆ ಹೋದಾಗ ಬೀಸುಕಲ್ಲಿನ ಮುಂದೆ ಚಿಕ್ಕವ್ವ ಕೂತಿದ್ದಳು. ಅವ್ವ ಅಂಗಳದಲ್ಲಿ ಸೊಪ್ಪು ಸೋಸುತ್ತಿದ್ದಳು. ತೋಳು ನೋವಂತೆ. ಆದರೆ ಅದೇ ಬೆಳಿಗ್ಗೆ ತುಂಬಿದ ಕೊಡವನ್ನು ಅವಳು ಸೊಂಟಕ್ಕೆ ಎತ್ತಿದ್ದನ್ನು ನಾನು ನೋಡಿದ್ದೆ. ಕುರಿ ಕೂಡುವ ರೊಪ್ಪದ ಹಿಂದೆ ಅವಳು ಒಬ್ಬಳೇ ಸಿಕ್ಕಾಗ ಕೇಳಿದೆ.

"ತೋಳು ನೋವಿಲ್ಲ ನಿನಗ."

"ಇಲ್ಲ."

"ಮತ್ತ?"

ಅವಳು ಆ ಕಡೆ ಈ ಕಡೆ ನೋಡಿ ನಕ್ಕಳು. "ಮತ್ತ ಹುಡುಗಿ ಆಗೀನಿ ನೋಡವ್ವ. ನಿನ್ನ ಪುಡಿ ಬಾಳ ಚಲೋ ಐತಿ."

ಎರಡು ತಿಂಗಳಿಂದ ಮತ್ತೆ ರಕ್ತ ಕಾಣುತ್ತಿತ್ತು. ನಾಲ್ಕು ದಿನ ಬಂದು ನಿಲ್ಲುವುದು, ಮತ್ತೆ ಬರುವುದು. ಬೇರು ಮೈಯ ಉರಿಯನ್ನು ಇಳಿಸಿ ಗರ್ಭಕ್ಕೆ ಹಳೆಯ ಕಸುವು ಕೊಟ್ಟಿದೆ ಎಂದು ಅವಳು ತಿಳಿದಿದ್ದಳು. ಅದರಲ್ಲಿ ಸ್ವಲ್ಪ ನಾಚಿಕೆ ಇತ್ತು, ಸ್ವಲ್ಪ ಬಿಂಕವೂ ಇತ್ತು. ಮುಟ್ಟಾದವಳು ಮೀಸಲು ಮುಟ್ಟಬಾರದಲ್ಲ, ಅದಕ್ಕೆ ತೋಳು ನೋವು. ಪುಡಿಯನ್ನು ಬಿಟ್ಟಿರಲಿಲ್ಲ, ಒಂದು ಚಮಚವನ್ನು ಒಂದೂವರೆ ಮಾಡಿಕೊಂಡಿದ್ದಳು.

ನಾನು ಮೊದಲು ಏನು ಹೇಳಿದೆ ಎಂಬುದು ನೆನಪಿಲ್ಲ. ನಿಂತು ವರ್ಷಗಳಾದ ಮೇಲೆ ಬರುವ ರಕ್ತ ಒಳ್ಳೆಯದಲ್ಲ ಎಂದು ಯಾವುದೋ ವಾರಪತ್ರಿಕೆಯ ಹೆಂಗಸರ ಪುಟದಲ್ಲಿ ಓದಿದ್ದೆ. ಅಲ್ಲಿ ಕ್ಯಾನ್ಸರ್ ಎಂಬ ಪದವಿತ್ತು. ಆ ಪದವನ್ನು ಅವಳೆದುರು ಆಡಲಿಲ್ಲ, ಅದು ಗೊತ್ತು. ಹರಪನಹಳ್ಳಿಯ ಲೇಡಿ ಡಾಕ್ಟರಿಗೆ ತೋರಿಸೋಣ ಅಂದೆ. ಅವ್ವ ಒಪ್ಪಲಿಲ್ಲ. ಮದ್ದು ಒಬ್ಬರದು, ತಪಾಸಣೆ ಇನ್ನೊಬ್ಬರದು, ಅದು ನ್ಯಾಯವಲ್ಲ ಅಂದಳು. "ಕೊಟ್ಟಾಕಿ ಹೇಳಲಿ. ಆಕಿ ಹೋಗು ಅಂದ್ರ ಹೊಕ್ಕೀನಿ."

ಮರುದಿನವೇ ಕೂಡ್ಲಿಗಿಗೆ ಹೋದೆ. ಅಜ್ಜಿ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದಳು. ಕಣ್ಣು ಸ್ವಲ್ಪ ಮಂಜಾಗಿತ್ತು. ನಾನು ಇಂಥ ಊರಿನವಳ ಮಗಳು ಎಂದು ಹೇಳುವುದರೊಳಗೆ ಅವಳೇ ಅವ್ವನನ್ನು ನೆನಪಿಸಿಕೊಂಡಳು. ಎಡಗಣ್ಣಿನ ರೆಪ್ಪೆ ಬಲಕ್ಕಿಂತ ಬಿಳಿಚಿತ್ತು, ನಾಲ್ಕು ಹೆರಿಗೆ, ಮೂರನೆಯದು ಕಾಲು ಮುಂದಾಗಿ ಬಂದದ್ದು, ಜೋಳದ ರೊಟ್ಟಿಗೆ ಅಗಸಿ ಚಟ್ನಿ ತಂದಿದ್ದಳು. ಮೂರು ವರ್ಷದ ಹಿಂದೆ ಒಂದೇ ಸಲ ನೋಡಿದ ಹೆಂಗಸು. ಚಟ್ನಿ ನನ್ನ ದಿನಚರಿಯಲ್ಲಿಲ್ಲ. ಆ ಮೂರನೆಯವಳಾದ ನಾನು ಕಾಲು ಮುಂದಾಗಿ ಹುಟ್ಟಿದವಳೆಂದು ನನಗೆ ಗೊತ್ತಾದದ್ದೂ ಆಗಲೇ. ಓದು ಬರಹವಿಲ್ಲದ ಆ ತಲೆಯೊಳಗೆ ಎಷ್ಟು ನೂರು ಹೆಂಗಸರ ಮೈ ಹೀಗೆ ಬಿಡಿಬಿಡಿಯಾಗಿ ಇದ್ದಿರಬಹುದು ಎಂದು ಯೋಚಿಸಿ ನಿಂತುಬಿಟ್ಟೆ.

"ಆರಾಮ ಅದಾಳಲ್ಲ?" ಅಂದಳು ಅಜ್ಜಿ. "ಮೂರು ಹುಣ್ಣಿಮಿಗೆ ಕೊಟ್ಟಿದ್ನಿ. ತಿರುಗಿ ಬಂದು ತೋರಸು ಅಂದಿದ್ನಿ. ಬರಲಿಲ್ಲ. ಆರಾಮ ಆಗಿರಬೇಕು ಅಂತ ಸುಮ್ಮನಾದ್ನಿ."

ಆಮೇಲಿನ ಹೊತ್ತು ಸುಖದ್ದಲ್ಲ. ಮೂರು ವರ್ಷ ಎಂದೆ. ಬಸ್ಸು ಎಂದೆ. ಸೊಸೆ ಕೊಡುತ್ತಿದ್ದಳು ಎಂದಾಗ ಒಳಗಿದ್ದ ಸೊಸೆ ಬಾಗಿಲಿಗೆ ಬಂದು, ಬಂದವರಿಗೆ ಇಲ್ಲ ಅನ್ನಬಾರದೆಂದು ನೀವೇ ಹೇಳಿದ್ದು ಅಂದಳು. ಅಜ್ಜಿ ಅವಳನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿದಳು.

"ನನ್ನ ಸೊಸಿ ಕುರಿ ಹಿಂದ ಓಡಾಡಾಕಿ. ನೀನು ಓದ್ದಾಕಿ. ಊಟಕ್ಕೂ ಮದ್ದಿಗೂ ಫರಕು ತಿಳಿಲಿಲ್ಲೇನವ್ವ ನಿನಗ?"

ನಾನು ಕೇಳಬೇಕಾದದ್ದನ್ನು ಕೇಳಿದೆ. ಮೂರು ವರ್ಷ ತಿಂದರೆ ಏನಾಗುತ್ತದೆ? ಈ ರಕ್ತ ನಿನ್ನ ಬೇರಿನಿಂದ ಬಂದದ್ದೋ ಅಲ್ಲವೋ? ಅವಳು ಉಣ್ಣೆಯನ್ನು ಪಕ್ಕಕ್ಕಿಟ್ಟಳು. ನಾನು ಯಾವುದೋ ದೇವರ ಹೆಸರು, ಇನ್ನೊಂದು ಬೇರು, ಒಂದು ಪಥ್ಯ ಬರುತ್ತದೆ ಎಂದು ಕಾದೆ.

"ನನಗ ಗೊತ್ತಿಲ್ಲ ಮಗಳ. ಮೂರು ಹುಣ್ಣಿಮಿ ತಿಂದಾರನ್ನ ನೋಡೀನಿ. ಒಂದು ಬಿಟ್ಟು ಮತ್ತ ಮೂರು ತಿಂದಾರನ್ನ ನೋಡೀನಿ. ಮೂರು ವರ್ಷ ತಿಂದಾರನ್ನ ನಮ್ಮತ್ತಿ ನೋಡಿಲ್ಲ, ನಾನೂ ನೋಡಿಲ್ಲ. ನೋಡದ್ದನ್ನ ಹೇಳಂಗಿಲ್ಲ. ನಿಂತ ಮ್ಯಾಲೆ ರಕ್ತ ಬಂದ್ರ ಅದು ನನ್ನ ಕೆಲಸ ಅಲ್ಲ. ದವಾಖಾನಿಗೆ ಕರಕೊಂಡು ಹೋಗು. ನಾನು ಹೇಳೀನಿ ಅಂತ ಹೇಳು."

ಏಳೆಂಟು ವರ್ಷ ದೊಡ್ಡ ದೊಡ್ಡ ಪಂಡಿತರ ಪಾಠ ಕೇಳಿದವಳು ನಾನು. ಗೊತ್ತಿಲ್ಲ ಎಂಬ ಮಾತನ್ನು ಇಷ್ಟು ನೆಟ್ಟಗೆ, ಇಷ್ಟು ಗೌರವದಿಂದ ಆಡಿದವರನ್ನು ಅದಕ್ಕೆ ಮೊದಲು ಕಂಡ ನೆನಪಿಲ್ಲ. ತನಗೆ ತಿಳಿದದ್ದು ಎಲ್ಲಿ ಮುಗಿಯುತ್ತದೆ ಎಂದು ಅವಳಿಗೆ ಹೊಲದ ಬದುವಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು.

ಹೊರಟವಳನ್ನು ಅವಳೇ ನಿಲ್ಲಿಸಿದಳು. ಪುಡಿ ಒಯ್ದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ, ಪುಡಿಯಾದ ಮೇಲೆ ಎಲ್ಲ ಒಂದೇ ಬಣ್ಣ ಅಂದಳು. ಒಳಗಿನಿಂದ ಅರೆಯದ ಬೇರುಗಳನ್ನು ತರಿಸಿ ಬೇರೆ ಬೇರೆ ಚಿಂದಿಯಲ್ಲಿ ಕಟ್ಟಿಸಿದಳು. ಗೊಂಚಲು ಗೊಂಚಲಾಗಿದ್ದ ಹಲವು ಮಕ್ಕಳ ತಾಯಿ, ಅಂದರೆ ಶತಾವರಿಯ ಬೇರು. ಕುದುರೆ ಮೈಯ ವಾಸನೆಯ ಹಿರೇಮದ್ದಿನ, ಅಂದರೆ ಅಶ್ವಗಂಧದ ಬೇರು. ಸಿಹಿಯಾದ ಜ್ಯೇಷ್ಠಮಧು. ಇನ್ನೊಂದು ತೊಗಟೆ, ಅದಕ್ಕೆ ಅವರ ಮನೆಯಲ್ಲಿ ಕೆಂಪು ತೊಗಟೆ ಅಂತಲೇ ಹೆಸರು. ಯಾವುದು ಎಷ್ಟು ಪಾಲು ಎಂದು ಬೆರಳಿನಲ್ಲಿ ತೋರಿಸಿದಳು. ಅಂದು ನಾನು ಎಲ್ಲವನ್ನೂ ಅಲ್ಲೇ ಕೂತು ಬರೆದುಕೊಂಡೆ.

ಅಜ್ಜಿಯ ಮಾತು ಕೇಳಿದ ಮೇಲೆ ಅವ್ವ ಒಂದೂ ಎದುರು ಮಾತಾಡದೆ ಹರಪನಹಳ್ಳಿಗೆ ಬಂದಳು. ಡಾಕ್ಟರಮ್ಮ ನನ್ನ ವಯಸ್ಸಿನವರೇ. ನಾಟಿ ಔಷಧಿ ಅಂದಕೂಡಲೇ ಬೈಗುಳ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಅವರು ಚಿಂದಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬಿಚ್ಚಿಸಿದರು, ಮೂಸಿದರು, ಮೂರನ್ನು ಗುರುತಿಸಿದರು. ಕೆಂಪು ತೊಗಟೆಯನ್ನು ಬೆಳಕಿಗೆ ಹಿಡಿದು, ಇದು ನನಗೆ ಗೊತ್ತಿಲ್ಲ ಅಂದರು. ಎರಡು ದಿನದಲ್ಲಿ ನಾನು ಕೇಳಿದ ಎರಡನೆಯ ಗೊತ್ತಿಲ್ಲ. ಆಮೇಲೆ ಕೇಳಿದ್ದೆಲ್ಲ ಅಜ್ಜಿ ಕೇಳಿದ್ದ ಪ್ರಶ್ನೆಗಳೇ, ಬಹುತೇಕ ಅದೇ ಕ್ರಮದಲ್ಲಿ. ಈ ಸಲ ನಾನು ಎದ್ದು ಹೊರಗೆ ಹೋಗಲಿಲ್ಲ.

ಅವರು ಅವ್ವನಿಗೆ ಹೇಳಿದ್ದು ಇಷ್ಟು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಮುಟ್ಟಲ್ಲ. ಯಾವ ಮದ್ದು ತಿಂದಿದ್ದರೂ, ತಿನ್ನದಿದ್ದರೂ ತೋರಿಸಲೇಬೇಕು. ಈ ಬೇರುಗಳಲ್ಲಿ ಕೆಲವು ಹೆಣ್ಣಿನ ಹಾರ್ಮೋನಿನಂತೆ ಸ್ವಲ್ಪ ಕೆಲಸ ಮಾಡಬಹುದು ಅನ್ನುತ್ತಾರೆ. ಹಾಗಾದರೆ ಗರ್ಭಕೋಶದ ಒಳಪದರ ದಪ್ಪವಾಗಲೂಬಹುದು. ಇಲ್ಲಿ ಹಾಗೇ ಆಗಿದೆಯೇ ಎಂದು ಹೇಳಲು ಆಗುವುದಿಲ್ಲ. ಸ್ವಲ್ಪ ದಿನ ತಿಂದವರ ಬಗ್ಗೆ ಅಷ್ಟಿಷ್ಟು ಗೊತ್ತಿದೆ, ವರ್ಷಗಟ್ಟಲೆ ತಿಂದವರನ್ನು ಸರಿಯಾಗಿ ಯಾರೂ ಗಮನಿಸಿಟ್ಟಿಲ್ಲ. ಜ್ಯೇಷ್ಠಮಧು ಬಹಳ ದಿನ ತಿಂದರೆ ಬಿಪಿ ಏರಿಸುತ್ತದೆ, ಅದು ಮಾತ್ರ ಖಚಿತ. ಅವ್ವನ ತೋಳಿಗೆ ಪಟ್ಟಿ ಕಟ್ಟಿ ನೋಡಿದರು. ಬಿಪಿ ಏರಿತ್ತು.

"ಪುಡಿ ಇವತ್ತಿಗೆ ಬಂದ್ ಮಾಡ್ರಿ ಅಮ್ಮ. ಝಳ ತಡಿಯಾಕ ಆಗದಂಗ ಬಂದ್ರ ಇಲ್ಲಿಗೆ ಬರ್ರಿ, ಬೇರೆ ದಾರಿ ಅದಾವು. ನಾನು ಗುಳಿಗಿ ಕೊಟ್ರೂ ಅಷ್ಟ, ಅದಕ್ಕೂ ಇಷ್ಟು ದಿನ ಅಂತ ಇರ್ತೈತಿ. ನೋಡೋರಿಲ್ಲದ ಯಾವ ಮದ್ದೂ ತಿನ್ನಬ್ಯಾಡ್ರಿ."

ಅವ್ವ ತಲೆಯಾಡಿಸಿದಳು. ಆಮೇಲೆ ಅವಳು ಕೇಳಿದ ಪ್ರಶ್ನೆ ನನ್ನ ಮನಸ್ಸಿಗೆ ಎಂದೂ ಬಂದಿರಲಿಲ್ಲ. "ಮುಟ್ಟಲ್ಲ ಅಂದ್ರಿ. ಹಂಗಾರ ನಾನು ಮೀಸಲು ಬೀಸಬೌದಿತ್ತೇನ್ರಿ?"

ಡಾಕ್ಟರಮ್ಮ ನಗಲಿಲ್ಲ. ಅದು ಒಳಗಿನ ಒಂದು ಗಾಯದ ರಕ್ತ ಇದ್ದ ಹಾಗೆ, ದೇವರ ವಿಚಾರ ನಿಮಗೇ ಬಿಟ್ಟದ್ದು ಅಂದರು. ಅವ್ವ 'ಬೀಸಬೌದಿತ್ತು' ಎಂದು ತನಗೆ ತಾನೇ ಹೇಳಿಕೊಂಡಳು.

ಒಳಪದರವನ್ನು ಸ್ವಲ್ಪ ಕೆರೆದು ತೆಗೆದು ಪರೀಕ್ಷೆಗೆ ದಾವಣಗೆರೆಗೆ ಕಳಿಸಿದರು. ಹತ್ತು ದಿನ ಕಾಯಬೇಕಿತ್ತು. ನಾನು ರಜೆ ಹಾಕಿ ಚಿಗಟೇರಿಯಲ್ಲೇ ಉಳಿದೆ. ಆ ದಿನಗಳ ಪುಟಗಳು ಖಾಲಿ ಇವೆ. ನೆನಪಿರುವುದು ಒಂದೇ: ಪುಡಿ ಬಿಟ್ಟ ನಾಲ್ಕನೆಯ ದಿನಕ್ಕೆ ಝಳ ಮರಳಿತು. ನಾಲ್ಕನೆಯದೋ, ಆರನೆಯದೋ. ಅವ್ವ ಹೊಲದ ಬದುವಿನ ಮೇಲೆ ಕೂತಿದ್ದಳು. ಕೆಂಪು ಕೊರಳಿಗೆ ಏರಿತು, ಕೆನ್ನೆಗೆ ಏರಿತು. ಅವಳು ಕಣ್ಣು ಮುಚ್ಚಿ, ಸೆರಗು ಸಡಿಲಿಸಿ, ಅದು ದಾಟಿ ಹೋಗುವ ತನಕ ಅಲುಗದೆ ಕೂತಳು. ಅವಳು ಹೆದರಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನು ಹೆದರಿದ್ದೆ. ಆದರೂ ಬಿರುಗಾಳಿ ಬಂದಾಗ ಬಾಗಿ, ಹೋದ ಮೇಲೆ ಏಳುವ ಜೋಳದ ಪೈರನ್ನು ಹತ್ತಿರದಿಂದ ನೋಡಿದ ಹಾಗಿತ್ತು.

ಹತ್ತು ದಿನಕ್ಕೆ ಬರಬೇಕಾದ ಕಾಗದ ಹನ್ನೆರಡನೆಯ ದಿನ ಬಂತು. ಕ್ಯಾನ್ಸರ್ ಅಲ್ಲ. ಒಳಪದರ ದಪ್ಪವಾಗಿತ್ತು, ಕೆರೆದು ತೆಗೆದಾಗಿದೆ. ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಮಧ್ಯೆ ಹನಿ ಕಂಡರೆ ಅಂದೇ ಬರಬೇಕು. ಪುಡಿಯಿಂದಲೇ ಆಯಿತೇ ಎಂದು ನಾನು ಮತ್ತೊಮ್ಮೆ ಕೇಳಿದೆ. ಅಲ್ಲ ಎಂದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು. ಡಾಕ್ಟರಮ್ಮ ಹೌದು ಅನ್ನಲಿಲ್ಲ, ಅಲ್ಲ ಎಂತಲೂ ಅನ್ನಲಿಲ್ಲ. ಆ ಭಾರವನ್ನು ಅವರು ನನ್ನ ಸಮಾಧಾನಕ್ಕಾಗಿ ಇಳಿಸಲಿಲ್ಲ. ಅದಕ್ಕೆ ನಾನು ಅವರಿಗೆ ಈಗಲೂ ಋಣಿ.

ಊರಿಗೆ ಮರಳುವ ಬಸ್ಸಿನಲ್ಲಿ ಅವ್ವನ ಪಕ್ಕ ಅವಳದೇ ವಯಸ್ಸಿನ ಒಬ್ಬ ಹೆಂಗಸು ಕೂತಳು. ನೀಲಗುಂದದ ಕಡೆಯವಳು. ಮಾತು ಮಳೆ, ಸೊಸೆ, ಮಂಡಿ ನೋವು ಎಂದು ತಿರುಗುತ್ತ ಮೈ ಝಳಕ್ಕೆ ಬಂತು. ಅವಳೂ ಹಡಗಲಿಯಿಂದ ಏನೋ ಲೇಹ್ಯ ತರಿಸಿ ತಿನ್ನುತ್ತಿದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿದ್ದೆ, ಅವ್ವ ಈಗ ಹೆದರಿಸುತ್ತಾಳೆ ಎಂದುಕೊಂಡೆ. ಅವಳು ಹೆದರಿಸಲಿಲ್ಲ. ತನಗೆ ಏನಾಯಿತು ಎಂದು ಹೇಳಿದಳು, ಮದ್ದಿನಿಂದ ಆಯಿತೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ ಎಂದು ಹೇಳಿದಳು. ವರ್ಷ ಬಿಟ್ಟು ಬಂದ ರಕ್ತ ಮುಟ್ಟಲ್ಲ ಎಂದು ಹೇಳಿದಳು. ಅಜ್ಜಿಯ ಮಾತು, ಡಾಕ್ಟರಮ್ಮನ ಮಾತು, ಒಂದನ್ನೂ ಹೆಚ್ಚು ಮಾಡದೆ, ಒಂದನ್ನೂ ಬಿಡದೆ. ಆಮೇಲೆ ಕೇಳಿದಳು.

"ಎಷ್ಟು ದಿನ ಆತು ತಿನ್ನಾಕ ಹತ್ತಿ? ಕೊಟ್ಟಾತ ಎಷ್ಟು ದಿನ ಅಂದಾನ?"

ಆ ಹೆಂಗಸು ಒಂದು ಕೈಯ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತ ತಿಂಗಳು ಎಣಿಸತೊಡಗಿದಳು, ಅದು ಮುಗಿದು ಇನ್ನೊಂದು ಕೈ ಹಿಡಿದಳು. ಅವ್ವ ಅವಳನ್ನು ಅವಸರ ಮಾಡಲಿಲ್ಲ.